ಸೆರೆಮನೆಯೂ ತಾಯ್ತನವೂ

ಅಪರಾಧ ಮಾಡಿದವರು ದಂಡವನ್ನು ಅನುಭವಿಸಬೇಕೆಂಬುದರಲ್ಲಿ ವಿವಾದವಿಲ್ಲ. ಆದರೆ ಆ ದಂಡದ ಎಲ್ಲೆ ಯಾವುದೆಂಬುದು ಸುಲಭವಾದ ಪ್ರಶ್ನೆಯಲ್ಲ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಸರ್ವೋಚ್ಚ ನ್ಯಾಯಾಲಯವು 1981ರಲ್ಲಿ ಕೊಟ್ಟ ಲ್ಯಾಸಿಟರ್ ಮೊಕದ್ದಮೆಯ ತೀರ್ಪನ್ನು ಓದಿದಂದಿನಿಂದ ಈ ಪ್ರಶ್ನೆಯು ನನ್ನ ಮನಸ್ಸನ್ನು ಬಿಟ್ಟಿಲ್ಲ.

ಆ ವೃತ್ತಾಂತವನ್ನು ಸಂಗ್ರಹವಾಗಿ ಹೇಳುವೆನು. ಉತ್ತರ ಕ್ಯಾರೊಲಿನಾ ಸಂಸ್ಥಾನದ ಡರ್ಹಮ್ ಎಂಬಲ್ಲಿ ಒಬ್ಬ ಹೆಂಗಸಿನ ಎಳೆಯ ಮಗುವಿಗೆ ತಕ್ಕ ಆರೈಕೆಯಿಲ್ಲವೆಂದು 1975ರಲ್ಲಿ ನ್ಯಾಯಾಲಯವು ಅದನ್ನು ಸಮಾಜಸೇವಾ ಇಲಾಖೆಯ ವಶಕ್ಕೆ ಒಪ್ಪಿಸಿತು. ಮರುವರುಷ ಆಕೆ ಕೊಲೆಯ ಅಪರಾಧಕ್ಕಾಗಿ 25ರಿಂದ 40 ವರುಷಗಳ ಸೆರೆವಾಸಕ್ಕೆ ಗುರಿಯಾದಳು. 1978ರಲ್ಲಿ, ಆಕೆಯ ತಾಯಿಯ ಹಕ್ಕನ್ನೇ ರದ್ದುಮಾಡಬೇಕೆಂದು ಇಲಾಖೆಯು ಅರ್ಜಿ ಹಾಕಿತು. 1975ರ ಡಿಸೆಂಬರಿನಿಂದ ಮಗುವಿನ ವಿಷಯವಾಗಿ ಆಕೆ ಇಲಾಖೆಯನ್ನು ವಿಚಾರಿಸಿಲ್ಲವೆಂಬುದು ಒಂದು ಆಕ್ಷೇಪಣೆ. ವಿಚಾರಣೆಗೆಂದು ಸೆರೆಮನೆಯಿಂದ ಕರೆತಂದಾಗ ಆಕೆಯ ಪರವಾಗಿ ವಕೀಲರಿರಲಿಲ್ಲ. ಪಾಟೀಸವಾಲು ಮಾಡೆಂದರೆ, ಪ್ರಶ್ನೆ ಕೇಳುವುದನ್ನರಿಯದೆ ತನ್ನ ಮಾತನ್ನೇ ಹೇಳತೊಡಗಿದಳು, ನ್ಯಾಯಾಧಿಪತಿಗಳು ತಡೆದರು. ಮಗುವು ಅಜ್ಜಿಯ ಬಳಿಯಲ್ಲಿರಲಿ ಎಂಬುದೇ ಆಕೆಯ ಬೇಡಿಕೆ. ಅದು ನಡೆಯದೆ ಹಕ್ಕು ರದ್ದಾಯಿತು. ಇಂಥ ವ್ಯವಹಾರಗಳಲ್ಲಿ ಬಡವರಿಗೆ ಸರಕಾರವು ಯಾವಾಗಲೂ ವಕೀಲರನ್ನು ಒದಗಿಸಲೇಬೇಕೆಂದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ನಾಲ್ವರ ವಿರುದ್ಧ ಐವರ ಬಹುಮತದಿಂದ ತೀರ್ಮಾನಿಸಿತು.

ಮಗುವಿನ ಪಕ್ಷವನ್ನೂ ಮರೆಯಲಾಗದು. ಹಸುಳೆಯು ಇಪ್ಪತ್ತೈದು ವರುಷ ತಾಯಿಗಾಗಿ ಕಾಯಲಾರದು. ಇಂದೊಂದು ಮನೆ, ನಾಳೆಯೊಂದು ಮನೆಯೆಂದು ಅಲೆಯುವ ಮಗುವಿಗೆ ನೆಲೆ ಬೇಕು. ಈ ಉದ್ದೇಶದಿಂದಲೇ ಆ ದೇಶದಲ್ಲಿ 1997ರಲ್ಲಿ ಒಂದು ಕಾನೂನು ಆಯಿತು. ಕಳೆದ 22 ತಿಂಗಳುಗಳಲ್ಲಿ 15 ತಿಂಗಳು ಮಗುವು ಸರಕಾರದ ಪೋಷಣೆಯಲ್ಲಿದ್ದರೆ, ತಂದೆತಾಯಿಗಳ ಹಕ್ಕನ್ನು ರದ್ದುಮಾಡಲು ಸಾಮಾನ್ಯವಾಗಿ ಅರ್ಜಿ ಹಾಕಬೇಕು. ಮಗುವು ಬಂಧುಗಳ ಬಳಿಯಿದ್ದರೆ ಬಿಡಬಹುದೆಂಬ ವಿನಾಯಿತಿಯೂ ಉಂಟು. ಉದ್ದೇಶವೇನೋ ಒಳ್ಳೆಯದೇ. ಆದರೆ ಎರಡು ವರುಷದ ಶಿಕ್ಷೆಯಾದವನಿಗೂ ಈ ಗಡುವು ಮೊದಲೇ ಮುಗಿದುಹೋಗುವುದು. ಅವನು ಸೆರೆಯಿಂದ ಬಿಡುಗಡೆಯಾಗಿ ಬರುವನು. ಆದರೆ ಕಾನೂನಿನ ಕಣ್ಣಿಗೆ ಅವನು ತಂದೆಯಲ್ಲ. ಮೊದಲಿನ ಶಿಕ್ಷೆಗೆ ಕೊನೆಯುಂಟು, ಈ ಎರಡನೆಯದಕ್ಕಿಲ್ಲ.

ನಾನು ಬಲ್ಲ ಒಬ್ಬ ಮುದುಕಿಯು, ಮಗ ಜೈಲಿನಲ್ಲಿದ್ದಾಗ ಇಬ್ಬರು ಮೊಮ್ಮಕ್ಕಳನ್ನು ಸಾಕಿದಳು. ಹಬ್ಬಹಬ್ಬಕ್ಕೂ ಮಕ್ಕಳಿಂದ ತಂದೆಗೆ ಕಾಗದ ಬರೆಯಿಸಿ, ವಿಳಾಸಕ್ಕಾಗಿ ನನ್ನಲ್ಲಿಗೆ ತರುತ್ತಿದ್ದಳು. ಒಮ್ಮೆ ಹೇಳಿದಳು: “ಅವನು ಮಾಡಿದ್ದು ತಪ್ಪೇ ಸ್ವಾಮಿ. ಅದಕ್ಕೆ ಸರ್ಕಾರ ಶಿಕ್ಷೆ ಕೊಟ್ಟಿದೆ. ಈ ಮಕ್ಕಳಿಗೆ ನಿಮಗೆ ಅಪ್ಪ ಇಲ್ಲ ಅಂತ ನಾನು ಯಾಕೆ ಹೇಳಲಿ?” ಆ ಕಾಗದಗಳಿಲ್ಲದಿದ್ದರೆ ಅವರ ಸಂಬಂಧವು ಎಂದೋ ಒಣಗಿಹೋಗುತ್ತಿತ್ತು. ಕಾಗದ ಬರೆಯಿಸುವವರಿಲ್ಲದ ಕಡೆ ಮೌನವನ್ನೇ ಅನಾದರವೆಂದು ಎಣಿಸುವುದು ನ್ಯಾಯವೆ?

ಹಕ್ಕನ್ನು ರದ್ದುಮಾಡಲು ಸ್ಪಷ್ಟವಾದ, ನಂಬಿಕೆ ಹುಟ್ಟಿಸುವ ಸಾಕ್ಷ್ಯವು ಬೇಕೆಂದು 1982ರಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯವು ವಿಧಿಸಿತು. 2010ರಲ್ಲಿ ನ್ಯೂಯಾರ್ಕ್ ಸಂಸ್ಥಾನವು, ಸೆರೆಯಲ್ಲಿದ್ದೂ ಮಗುವಿನ ಬಾಳಿನಲ್ಲಿ ಪಾಲುಗೊಳ್ಳುವ ತಂದೆತಾಯಿಗಳ ವಿಷಯದಲ್ಲಿ ಅರ್ಜಿಯನ್ನು ತಡೆದಿಡಲು ಅವಕಾಶವಿತ್ತಿತು. ಇವು ಸರಿಯಾದ ಹೆಜ್ಜೆಗಳು. ಮಗುವನ್ನು ಹಿಂಸಿಸಿದವರ ಹಕ್ಕು ಹೋಗಲಿ. ಅದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಸೆರೆಯಲ್ಲಿರುವುದೊಂದೇ ಕಾರಣವಾದಲ್ಲಿ, ಹಕ್ಕನ್ನು ಕಡಿಯುವ ಮುನ್ನ ವಕೀಲರನ್ನು ಕೊಡಬೇಕು, ಅಜ್ಜಿಯನ್ನು ಕೇಳಬೇಕು, ಕಾಗದಕ್ಕೂ ಭೇಟಿಗೂ ದಾರಿ ಮಾಡಬೇಕು. ಇಷ್ಟನ್ನು ಮಾಡಿದ ಬಳಿಕವೇ ನ್ಯಾಯಾಧಿಪತಿಗಳು ಲೇಖನಿಯನ್ನೆತ್ತಲಿ.