ಒಲೆ ಹಚ್ಚಿದವಳ ಬಟ್ಟಲು

"ನಿನ್ನ ಹೊಟ್ಟಿ ತಣ್ಣಗಿರಲೆವ್ವಾ" ಎಂದು ಹರಸುವ ಸೀಮೆ ನಮ್ಮದು. ಆದರೆ ಮಾರ್ಗಶಿರ ಬಂದು, ಹೊಸ್ತಿಲ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳು ಹೊರಡುವ ಹೊತ್ತಿಗೆ ಹೊಟ್ಟೆ ಬೆಚ್ಚಗಿರಬೇಕು ಅನಿಸುತ್ತದೆ.

ರಾಮದುರ್ಗದ ತವರಿನಿಂದ ನಾನು ಬೈಲಹೊಂಗಲಕ್ಕೆ ಸೊಸೆಯಾಗಿ ಬಂದೆ. ಕೆಲಸ ಕಿತ್ತೂರಿನ ಕಡೆ. ಶನಿವಾರ ಮುಂಜಾನೆ ಶಾಲೆ. ಐದಕ್ಕೆದ್ದು ಒಲೆ ಹಚ್ಚಿ, ಎಲ್ಲರಿಗೂ ರೊಟ್ಟಿ ಬಡಿದು, ಡಬ್ಬಿ ಕಟ್ಟಿ ಬಸ್ಸಿಗೆ ಓಡುತ್ತಿದ್ದೆ. ನನ್ನ ಪಾಲಿಗೆ ಒಂದು ಕಪ್ಪು ಚಹಾ. ಅಂಥ ಒಂದು ಶನಿವಾರ ಪ್ರಾರ್ಥನೆಗೆ ನಿಂತಾಗಲೇ ಕಣ್ಣಿಗೆ ಕತ್ತಲೆ ಬಂದು ಕುಸಿದೆ. ಹಿಂದಿನ ದಿನವಷ್ಟೇ ಮಕ್ಕಳಿಗೆ 'ಮುಂಜಾನೆಯ ಆಹಾರ ತಪ್ಪಿಸಬಾರದು' ಎಂದು ಬೋರ್ಡಿನ ಮೇಲೆ ಬರೆಸಿದ್ದೆ! ಡಾಕ್ಟರು ರಕ್ತ ಕಡಿಮೆ ಎಂದು ಗುಳಿಗೆ ಕೊಟ್ಟರು.

ಅತ್ತೆ ಬೈಯಲಿಲ್ಲ. ಮರುದಿನ ನನಗಿಂತ ಮೊದಲೇ ಎದ್ದು, ಸಜ್ಜೆ ನುಚ್ಚಿನ ಗಂಜಿ ಮಾಡಿ ಬಟ್ಟಲು ಮುಂದಿಟ್ಟರು. "ಒಲಿ ಹಚ್ಚಿದಾಕಿ ಮದಲ ಉಣಬೇಕವ್ವಾ. ಆಮ್ಯಾಲ ಮನಿ ಮಂದಿ" ಎಂದರು. ಬಡಿಸುವವಳೇ ಮೊದಲು ಉಣ್ಣುವುದೇ ಎಂದು ನಾನು ನಾಚಿಕೊಂಡರೆ, ಅವರು ಅಲ್ಲಿಂದ ಏಳಲೇ ಇಲ್ಲ.

ಮುಂದೆ ವಾಗ್ಭಟನ 'ಅಷ್ಟಾಂಗಹೃದಯ' ಓದಿದಾಗ ಅತ್ತೆಯ ಮಾತು ನೆನಪಾಯಿತು. ಅದರ ಸೂತ್ರಸ್ಥಾನದ 3ನೆಯ ಅಧ್ಯಾಯ ಋತುಚರ್ಯೆ. ಹೇಮಂತದಲ್ಲಿ ಹೊರಗಿನ ಚಳಿಗೆ ಒಳಗಿನ ಅಗ್ನಿ ಬಲಗೊಳ್ಳುತ್ತದೆ. ಅದಕ್ಕೆ ಅನ್ನವೆಂಬ ಸೌದೆ ಸಿಗದಿದ್ದರೆ ಮೈಯ ಧಾತುಗಳನ್ನೇ ಸುಡುತ್ತದೆ. ರಾತ್ರಿ ದೊಡ್ಡದಾದ್ದರಿಂದ ಬೆಳಗಾಗುತ್ತಲೇ ಹಸಿವಾಗುತ್ತದೆ ಎಂದು ಅಲ್ಲಿದೆ. ಅಕ್ಷರ ಬಾರದ ಅತ್ತೆಗೆ ಇದು ಒಲೆಯ ಮುಂದೆಯೇ ತಿಳಿದಿತ್ತು.

ಗಂಜಿ ಮಾಡುವುದು ಕಷ್ಟವಲ್ಲ. ಒಂದು ಬಟ್ಟಲು ಸಜ್ಜೆ ನುಚ್ಚನ್ನು ರಾತ್ರಿ ನೆನೆಯಿಡಿ. ಬೆಳಿಗ್ಗೆ ಕಾಲು ಬಟ್ಟಲು ಹುರಿದ ಹೆಸರುಬೇಳೆ, ಐದು ಬಟ್ಟಲು ನೀರು ಸೇರಿಸಿ ಕುಕ್ಕರಿನಲ್ಲಿ ಐದು ಸೀಟಿ ಹೊಡೆಸಿ. ಅರ್ಧ ಬಟ್ಟಲು ಬೆಲ್ಲ, ಚಿಟಿಕೆ ಒಣಶುಂಠಿ, ನಾಲ್ಕು ಕಾಳು ಮೆಣಸಿನ ಪುಡಿ ಹಾಕಿ ಕುದಿಸಿ ಇಳಿಸಿ. ಮೇಲೆ ಹುರಿದು ಕುಟ್ಟಿದ ಎಳ್ಳು, ಒಂದು ಚಮಚ ತುಪ್ಪ. ನಾಲ್ವರಿಗೆ ಸಾಕು. ಸಕ್ಕರೆ ಕಾಯಿಲೆಯವರು ಬೆಲ್ಲ ಬಿಟ್ಟು ಉಪ್ಪು, ಜೀರಿಗೆ ಹಾಕಿಕೊಳ್ಳಲಿ. ಸಜ್ಜೆ ಉಷ್ಣ, ಆದರೆ ಒಣ ಗುಣದ್ದು ಎಂದು ಹಿರಿಯರು ಹೇಳುತ್ತಾರೆ. ಎಳ್ಳು ತುಪ್ಪದ ಜೊತೆ ಅದಕ್ಕೇ. ಭೋಗಿ ಹಬ್ಬದಲ್ಲಿ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುವುದೂ ಇದೇ ಜೋಡಿ. ನುಚ್ಚು ಬೇಗ ಕಮಟಾಗುತ್ತದೆ, ವಾರಕ್ಕಾಗುವಷ್ಟೇ ಒಡೆಸಿಕೊಳ್ಳಿ. ಸಜ್ಜೆಯಲ್ಲಿ ಕಬ್ಬಿಣಾಂಶವಿದೆ ನಿಜ, ಆದರೆ ರಕ್ತ ಕಡಿಮೆಯಿದ್ದರೆ ಡಾಕ್ಟರ ಗುಳಿಗೆ ಬಿಡಬೇಡಿ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ನಮ್ಮ ಸಜ್ಜೆಗೂ ಅಂಗಡಿಯಲ್ಲಿ ಚಂದದ ಪೊಟ್ಟಣ ಬಂತು. ಆಗ ಅತ್ತೆ ಇರಲಿಲ್ಲ.

ಅವರು ಹಾಸಿಗೆ ಹಿಡಿದ ಕೊನೆಯ ಚಳಿಗಾಲದಲ್ಲಿ ನಾನೇ ಗಂಜಿ ಕುಡಿಸುತ್ತಿದ್ದೆ. ಒಂದು ದಿನ ಕೇಳಿದೆ: "ಅತ್ತಿ, ನೀವು ಸೊಸಿಯಾಗಿ ಬಂದಾಗ ನಿಮಗ ಯಾರು ಮದಲ ಬಡಿಸ್ತಿದ್ರು?" ಅವರು ಚಮಚೆ ನೋಡುತ್ತ ಸುಮ್ಮನಿದ್ದರು. "ಯಾರೂ ಇಲ್ಲವ್ವಾ. ಅದಕ್ಕ ನಿನಗ ಇಟ್ಟೆ" ಎಂದರು.

ನನ್ನ ಮಗಳೀಗ ಬೆಳಗಾವಿಯಲ್ಲಿ ಕೆಲಸದಲ್ಲಿದ್ದಾಳೆ. ಫೋನಿನಲ್ಲಿ ನನ್ನ ಮೊದಲ ಪ್ರಶ್ನೆ, "ಏನ್ ಮಾಡಿದಿ?" ಅಲ್ಲ, "ನೀ ಏನ್ ತಿಂದಿ?"