ಮರಿಬೆಕ್ಕಿನ ಕಚ್ಚಾಟ

ಮೂಡಬಿದಿರೆಯ ವ್ಯಾಪಾರಿ ಕುಟುಂಬವೊಂದಕ್ಕೆ ಒಂದು ಮಳೆಗಾಲದಲ್ಲಿ ಬೆಕ್ಕಿನ ಮರಿಯೊಂದು ಬಂದು ಸೇರಿತು. ತಾಯಿಯಿಂದ ಬೇಗನೆ ಅಗಲಿದ ಪುಟ್ಟ ಜೀವ. ಮನೆಯ ಎಂಟು ವರ್ಷದ ಬಾಲಕ ಅದರ ಮುಂದೆ ಬೆರಳಾಡಿಸುವನು, ಅದು ಹಾರಿ ಕಚ್ಚುವುದು, ಎಲ್ಲರೂ ನಗುವರು. ಮೂರು ತಿಂಗಳಲ್ಲಿ ಹಲ್ಲೂ ದವಡೆಯೂ ಬಲಿತವು. ಒಂದು ಸಂಜೆ ಬಾಲಕನ ಮಣಿಕಟ್ಟಿನಲ್ಲಿ ರಕ್ತ ಕಂಡ ತಂದೆ ಹಿಡಿಸೂಡಿಯನ್ನೆತ್ತಿದರು. "ನಾಲ್ಕು ಬಾರಿಸಿ ಕಟ್ಟಿಹಾಕಬೇಕು, ಒಂದು ಹೊತ್ತು ಹಾಲು ನಿಲ್ಲಿಸಿದರೆ ಬುದ್ಧಿ ಬಂದೀತು" ಎಂದರು.

ಅಜ್ಜಿ ಮೊದಲು ಮೊಮ್ಮಗನ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಸಿ, ರೇಬೀಸ್ ಲಸಿಕೆಗಾಗಿ ವೈದ್ಯರಲ್ಲಿಗೆ ಕಳುಹಿಸಿದರು. ಅನಂತರ ಮಗನನ್ನು ಕೇಳಿದರು: "ಅಹಿಂಸಾಣುವ್ರತದ ಅತಿಚಾರಗಳನ್ನು ಒಮ್ಮೆ ಹೇಳು, ಮಗಾ."

ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಬಾಲ್ಯದಲ್ಲಿ ಕಂಠಪಾಠವಾಗಿದ್ದ ತತ್ತ್ವಾರ್ಥಸೂತ್ರದ ಈ ಐದು ಪದಗಳನ್ನು ಹೇಳುತ್ತಿದ್ದಂತೆ ಅವರ ಧ್ವನಿ ಕುಗ್ಗಿತು. ಕಟ್ಟುವುದು, ಹೊಡೆಯುವುದು, ಅನ್ನಪಾನ ತಡೆಯುವುದು: ಐದರಲ್ಲಿ ಮೂರನ್ನು ಅವರು ಒಂದೇ ಉಸಿರಿನಲ್ಲಿ ಸೂಚಿಸಿದ್ದರು.

ಪಶುವೈದ್ಯರು ಕಾರಣವನ್ನು ತಿಳಿಸಿದರು. ಕಚ್ಚುವಿಕೆಯ ಮಿತಿಯನ್ನು ಮರಿಗಳು ಒಡಹುಟ್ಟುಗಳ ಆಟದಲ್ಲಿ ಕಲಿಯುತ್ತವೆ. ಬಲವಾಗಿ ಕಚ್ಚಿದರೆ ಜೊತೆಯ ಮರಿ ಆಟ ಬಿಟ್ಟು ಹೋಗುತ್ತದೆ. ಬೇಗನೆ ಅಗಲಿದ ಮರಿಗೆ ಆ ಪಾಠ ತಪ್ಪಿತ್ತು. ಕೈಯನ್ನೇ ಆಟಿಕೆಯಾಗಿಸಿದವರು ಮನೆಯವರು. ಹೊಡೆದರೆ ಅದು ಕೈಗೆ ಅಂಜುವುದು. ಅಂಜಿದ ಪ್ರಾಣಿ ಇನ್ನೂ ಬಲವಾಗಿ ಕಚ್ಚುವುದು.

ಅಂದಿನಿಂದ ಮನೆಯಲ್ಲಿ ಹೊಸ ನಿಯಮ ಬಂದಿತು. ಕೋಲಿನ ತುದಿಗೆ ದಾರ, ದಾರಕ್ಕೊಂದು ಬಟ್ಟೆಯ ಉಂಡೆ. ದಿನಕ್ಕೆರಡು ಬಾರಿ ಹತ್ತು ನಿಮಿಷ ಆಟ, ಆಟ ಮುಗಿದೊಡನೆ ಆಹಾರ. ಬೆಕ್ಕು ದಾರವನ್ನು ನುಂಗುವ ಅಪಾಯವಿರುವುದರಿಂದ ಆಟಿಕೆ ಕಪಾಟಿಗೆ ಸೇರಬೇಕು. ಬಾಲ ಬಡಿಯತೊಡಗಿದರೆ, ಕಿವಿ ಹಿಂದಕ್ಕೆ ಬಾಗಿದರೆ, ಆಟ ನಿಲ್ಲಿಸಬೇಕು. ಕಚ್ಚಿದರೆ ಕೈಯನ್ನು ಕಿತ್ತುಕೊಳ್ಳಬಾರದು, ಓಡುವುದೆಲ್ಲ ಬೆಕ್ಕಿಗೆ ಬೇಟೆ. ಕೈಯನ್ನು ನಿಶ್ಚಲವಾಗಿಟ್ಟು, ಹಿಡಿತ ಸಡಿಲಿದಾಗ ಮೆಲ್ಲನೆ ತೆಗೆದು, ಮಾತಿಲ್ಲದೆ ಎದ್ದುಹೋಗಬೇಕು.

ಬಾಲಕ ವಾರದೊಳಗೆ ಇದನ್ನು ರೂಢಿಸಿಕೊಂಡ. ಆದರೂ ಕಚ್ಚುವುದು ನಿಲ್ಲಲಿಲ್ಲ. ಕಾರಣ ಒಂದು ರಾತ್ರಿ ಬಯಲಾಯಿತು: ಅಂಗಡಿ ಮುಚ್ಚಿ ಬಂದು ಮಲಗಿದ ತಂದೆ ಹೊದಿಕೆಯೊಳಗೆ ಕಾಲ್ಬೆರಳು ಕುಣಿಸಿ ಮರಿಯನ್ನು ಆಡಿಸುತ್ತಿದ್ದರು! ಮಗನೇ ಅವರಿಗೆ ನಿಯಮವನ್ನು ನೆನಪಿಸಿದ. ಅವರು ನಾಚಿ ಕಾಲು ಮಡಚಿಕೊಂಡರು.

ದೀಪಾವಳಿ ಕಳೆಯುವ ಹೊತ್ತಿಗೆ ಬೆಕ್ಕು ಆಟದ ಭರದಲ್ಲಿ ಕೈಯನ್ನು ಬಾಯಲ್ಲಿ ಹಿಡಿದರೂ ಹಲ್ಲು ಊರದೆ ಬಿಡತೊಡಗಿತು. ಹಿಡಿಸೂಡಿ ಅಂಗಳದ ಕೆಲಸಕ್ಕಷ್ಟೇ ಉಳಿಯಿತು.

ವ್ರತಭಂಗಕ್ಕೆ ಕ್ರೂರ ಮನಸ್ಸೇ ಬೇಕೆಂದಿಲ್ಲ. ಮಗುವಿನ ಮೇಲಿನ ಮಮತೆಯೂ ಕೈಗೆ ಕೋಲು ಕೊಡಬಲ್ಲದು. ಆ ಗಳಿಗೆಯಲ್ಲಿ ಒಮ್ಮೆ ತಡೆದು, ತಪ್ಪಿನ ಮೂಲವೆಲ್ಲಿದೆ ಎಂದು ಕೇಳುವುದೇ ಗೃಹಸ್ಥನ ಸಾಧನೆ.