ಕಾಗೆಯನ್ನು ಮೆಚ್ಚಿದ ಕಲಾವಿದ

ನಮ್ಮ ಮನೆಗಳಲ್ಲಿ ಕಾಗೆಗೆ ಮರ್ಯಾದೆ ಸಲ್ಲುವುದು ಶ್ರಾದ್ಧದ ದಿನ ಮಾತ್ರ. ಮಿಕ್ಕ ದಿನಗಳಲ್ಲಿ ಅದು ಹಪ್ಪಳ ಸಂಡಿಗೆಗಳ ಶತ್ರು. ಆದರೆ ಮೈಸೂರಿನ ಮನೆಯೊಂದರ ಕಿಟಕಿಯ ಬಳಿ ಕುಳಿತಿದ್ದ ಬಾಲಕನಿಗೆ ಅದು ಬೇರೆಯಾಗಿಯೇ ಕಂಡಿತು. ಉಳಿದ ಹಕ್ಕಿಗಳು ಎಲೆಗಳ ಬಣ್ಣದಲ್ಲಿ ಬೆರೆತು ಮರೆಯಾಗುತ್ತಿದ್ದುವು. ಕಾಗೆಯಾದರೋ ಹಸುರು ಗಿಡ, ಕೆಂಪು ಮಣ್ಣು, ತಿಳಿಬಣ್ಣದ ಗೋಡೆ ಯಾವುದರ ಮುಂದಾದರೂ ಅಚ್ಚಗಪ್ಪಾಗಿ ಎದ್ದು ನಿಲ್ಲುತ್ತಿತ್ತು.

ಆ ಬಾಲಕನೇ ಆರ್. ಕೆ. ಲಕ್ಷ್ಮಣ್. ಹುಟ್ಟಿದ್ದು 1921ರ ಅಕ್ಟೋಬರ್ 24ರಂದು. ಕಾದಂಬರಿಕಾರ ನಾರಾಯಣರ ಕಿರಿಯ ತಮ್ಮ. ಶಾಲೆಯಲ್ಲಿ ಬರೆದ ಅರಳಿ ಎಲೆಯನ್ನು ಉಪಾಧ್ಯಾಯರು ಮೆಚ್ಚಿದಂದೇ ತಾನು ಕಲಾವಿದನಾಗಬೇಕೆಂದು ಹುಡುಗನಿಗೆ ಅನಿಸಿತು. ‘ಹಿಂದೂ’ ಪತ್ರಿಕೆಯಲ್ಲಿ ಅವನು ತಪ್ಪದೆ ನೋಡುತ್ತಿದ್ದುದು ಡೇವಿಡ್ ಲೋ ಅವರ ವ್ಯಂಗ್ಯಚಿತ್ರಗಳನ್ನು. ಲೋ ನ್ಯೂಜಿಲೆಂಡಿನಲ್ಲಿ ಹುಟ್ಟಿ, ಆಸ್ಟ್ರೇಲಿಯದ ‘ಬುಲೆಟಿನ್’ ವಾರಪತ್ರಿಕೆಯಲ್ಲಿ ಪಳಗಿ, 1919ರಲ್ಲಿ ಲಂಡನ್ನಿಗೆ ಹೋದವರು. ಅವರ ರುಜುವನ್ನು ಹುಡುಗ ಬಹುಕಾಲ ‘ಕೌ’ ಎಂದೇ ಓದಿಕೊಂಡಿದ್ದ. ಹಸುವಿನ ಹೆಸರಿನವರೊಬ್ಬರು ಗುರುವಾದರೆ ನಮ್ಮವರಿಗೆ ಅಭ್ಯಂತರವೇನು!

ಮುಂಬಯಿಯ ಜೆ. ಜೆ. ಕಲಾಶಾಲೆಗೆ ಅರ್ಜಿ ಹೋಯಿತು. ಸೇರಿಸಿಕೊಳ್ಳುವಷ್ಟು ಪ್ರತಿಭೆ ಚಿತ್ರಗಳಲ್ಲಿಲ್ಲವೆಂದು ಉತ್ತರ ಬಂತು. ಹದಿಹರೆಯದ ಮನಸ್ಸಿಗೆ ಇಂಥ ಕಾಗದ ಸಣ್ಣ ಪೆಟ್ಟಲ್ಲ. ಲಕ್ಷ್ಮಣ್ ಮಹಾರಾಜಾ ಕಾಲೇಜನ್ನು ಸೇರಿದರು. ಕುಂಚವನ್ನು ಮಾತ್ರ ಕೆಳಗಿಡಲಿಲ್ಲ. ಅಣ್ಣನ ಕತೆಗಳಿಗೆ ಚಿತ್ರ ಬರೆದರು. 1942ರಲ್ಲಿ ಡಾ. ಎಂ. ಶಿವರಾಂ ಬೆಂಗಳೂರಿನಲ್ಲಿ ‘ಕೊರವಂಜಿ’ಯನ್ನು ಆರಂಭಿಸಿದಾಗ ಆ ನಗೆಪತ್ರಿಕೆಗೂ ಬರೆದರು. ಕಲಾಶಾಲೆ ಬೇಡವೆಂದ ಗೆರೆಗೆ ಕನ್ನಡದ ಓದುಗರು ನಕ್ಕರು.

ಮುಂದೆ ಮುಂಬಯಿಯೇ ಅವರನ್ನು ಕರೆದುಕೊಂಡಿತು. ಮೊದಲು ‘ಫ್ರೀ ಪ್ರೆಸ್ ಜರ್ನಲ್’. ಬಳಿಕ ಐವತ್ತು ವರ್ಷಕ್ಕೂ ಮಿಕ್ಕಿ ‘ಟೈಮ್ಸ್ ಆಫ್ ಇಂಡಿಯಾ’. ಚೌಕುಳಿ ಕೋಟು, ಪಂಚೆ, ಬಿಳಿ ಮೀಸೆಯ ‘ಶ್ರೀಸಾಮಾನ್ಯ’ ಅಲ್ಲಿ 1951ರಲ್ಲಿ ಅವತರಿಸಿದ. ಮಂತ್ರಿಗಳ ಭಾಷಣ, ಬಡವರ ಬವಣೆ ಎಲ್ಲಕ್ಕೂ ಅವನು ಸಾಕ್ಷಿ. ತುಟಿ ಮಾತ್ರ ಬಿಚ್ಚಲಿಲ್ಲ. ಕಾಗೆಯಂತೆ ಅವನೂ ಯಾರೂ ನೋಡಲೊಲ್ಲದ ಪ್ರಾಣಿಯೇ. ಲಕ್ಷ್ಮಣರ ಕಣ್ಣು ಹೋಗುತ್ತಿದ್ದುದು ಅಂಥವರತ್ತಲೇ.

ಖ್ಯಾತಿ ಬಂದ ಮೇಲೂ ಅವರು ಕಾಗೆಗಳನ್ನು ಬಿಡಲಿಲ್ಲ. ಒಂಟಿ ಕಾಗೆ, ಕೊಂಬೆಯ ಮೇಲೆ ಜಗಳಕ್ಕೆ ನಿಂತ ಜೋಡಿ—ಹೀಗೆ ಬರೆಯುತ್ತಲೇ ಹೋದರು. ಅವುಗಳ ಪ್ರದರ್ಶನಗಳೂ ನಡೆದುವು. ಅಂಗಳದಿಂದ ಅಟ್ಟಿದ ಹಕ್ಕಿಯನ್ನೇ ಜನ ಹಣ ಕೊಟ್ಟು ಗೋಡೆಗೆ ತೂಗುಹಾಕಿಕೊಂಡರು. 2003ರಲ್ಲಿ ಪಾರ್ಶ್ವವಾಯು ಎಡಭಾಗವನ್ನು ಬಾಧಿಸಿತು. ಚಿತ್ರ ಬರೆಯುವ ಬಲಗೈ ಉಳಿದಿತ್ತು. 2015ರ ಜನವರಿ 26ರಂದು ಪುಣೆಯಲ್ಲಿ ಅವರು ತೀರಿಕೊಂಡರು.